ಬಾಲಯೇಸು ಬೇರೆ, ಗೋದಲಿ ಬೇರೆ: ಎರಡು ಹಬ್ಬ ಕಂಡ ನಮ್ಮ ಮನೆಯ ಮಣ್ಣಿನ ಕ್ರಿಬ್ ಸೆಟ್

ಕ್ರಿಸ್ಮಸ್‌ಗೆ ಮನೆಯಲ್ಲಿಡುವ ಕ್ರಿಬ್ ಸೆಟ್ (ಯೇಸು ಹುಟ್ಟಿದ ದೃಶ್ಯದ ಗೊಂಬೆಗಳು) ಕೊಳ್ಳಲು ಹೊರಟವರು ಮೊದಲು ಒಂದು ವಿಷಯ ನೋಡಿ. ಗೋದಲಿಯಿಂದ, ಅಂದರೆ ದನಗಳಿಗೆ ಮೇವು ಹಾಕುವ ತೊಟ್ಟಿಯಿಂದ, ಬಾಲಯೇಸುವನ್ನು ಎತ್ತಲು ಬರುತ್ತದಾ, ಇಲ್ಲವಾ? ನಾನು ನೋಡಿದ ಹೆಚ್ಚಿನ ಸೆಟ್‌ಗಳಲ್ಲಿ ಮಗು ಗೋದಲಿಗೆ ಅಂಟಿಕೊಂಡೇ ಇರುತ್ತದೆ. ಎರಡೂ ಸೇರಿ ಒಂದೇ ಅಚ್ಚು. ಡಿಸೆಂಬರ್ ಮೊದಲ ವಾರ ಕ್ರಿಬ್ ಇಟ್ಟರೆ ಅವತ್ತೇ ಯೇಸು ಹುಟ್ಟಿಬಿಟ್ಟ ಹಾಗೆ ಆಯಿತಲ್ವಾ? ಆಮೇಲೆ ಮಕ್ಕಳು ಕಾಯುವುದಾದರೂ ಯಾವುದಕ್ಕೆ?

ನಮ್ಮ ಮನೆಯಲ್ಲಿ 2022ರವರೆಗೆ ಇದ್ದದ್ದು ಆನ್‌ಲೈನ್‌ನಲ್ಲಿ ತರಿಸಿದ ಪ್ಲಾಸ್ಟಿಕ್ ಸೆಟ್. 2,200 ರೂಪಾಯಿ. ಬ್ಯಾಟರಿ ಹಾಕಿದರೆ ಬಣ್ಣ ಬಣ್ಣದ ದೀಪ, ಜೊತೆಗೆ ಸಂಗೀತ. ಮೂರನೇ ದಿನಕ್ಕೇ ಸಂಗೀತ ಒಂದೇ ಕಡೆ ಸಿಕ್ಕಿಹಾಕಿಕೊಂಡಿತು. ಅದಕ್ಕಿಂತ ಬೇಜಾರಾಗಿದ್ದು ಬೇರೆ. ಮಕ್ಕಳ ಕಣ್ಣೆಲ್ಲ ಸ್ವಿಚ್ ಮೇಲೆ, ಮರಿಯಮ್ಮನನ್ನೂ ಜೋಸೆಫರನ್ನೂ ನೋಡುವವರೇ ಇಲ್ಲ. ನನ್ನ ಕತೆಯೂ ಹಾಗೇ ಇತ್ತು. ಆ ವರ್ಷ ಕೇಕ್, ಹೊಸ ಬಟ್ಟೆ, ಮೂರು ನಕ್ಷತ್ರ, ನೆಂಟರಿಗೆಲ್ಲ ಉಡುಗೊರೆ ಅಂತ ಓಡಾಡಿ 24ರ ರಾತ್ರಿ ಪೂಜೆಗೆ ಹೋಗಿ ಕೂತರೆ ತಲೆಯಲ್ಲಿ ಮರುದಿನದ ಬಿರಿಯಾನಿಯ ಲೆಕ್ಕವೇ ಓಡುತ್ತಿತ್ತು. ತುಂಬಾ ನೋವಾಯಿತು ನನಗೆ.

ಮುಂದಿನ ವರ್ಷ, ನವೆಂಬರ್ ಕೊನೆಯಲ್ಲಿ ಬಂದ ಕ್ರಿಸ್ತರಾಜರ ಹಬ್ಬದ ಭಾನುವಾರ, ಫಾದರ್ ಪ್ರಸಂಗದಲ್ಲಿ ಒಂದು ಮಾತು ಹೇಳಿದರು. ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಇಟಲಿಯ ಗ್ರೆಚ್ಚೊ ಅನ್ನುವ ಊರಲ್ಲಿ ಗೋದಲಿ ಮಾಡಿದ್ದು 1223ರಲ್ಲಿ, ಈ ಕ್ರಿಸ್ತಜಯಂತಿಗೆ ಸರಿಯಾಗಿ 800 ವರ್ಷ ಅಂತ. ಅಲ್ಲಿ ಗೊಂಬೆಗಳ ಸಾಲು ಇರಲಿಲ್ಲ. ಹುಲ್ಲು ತುಂಬಿದ ಗೋದಲಿ, ಒಂದು ಎತ್ತು, ಒಂದು ಕತ್ತೆ. ಅದರ ಮುಂದೆ ಬಲಿಪೂಜೆ (ರೊಟ್ಟಿ, ದ್ರಾಕ್ಷಾರಸದ ಆರಾಧನೆ). ಮನೆಗೆ ಬರುವಾಗ ನಮ್ಮ ಯಜಮಾನರು, "ನಮಗೂ ಅಷ್ಟೇ ಸಾಕಲ್ವಾ?" ಅಂದರು.

ಶನಿವಾರ ಬೆಂಗಳೂರಿನ ಶಿವಾಜಿನಗರಕ್ಕೆ ಹೋದೆ. ಸಂತ ಮರಿಯಮ್ಮನ ಬೆಸಿಲಿಕಾದಿಂದ ರಸೆಲ್ ಮಾರ್ಕೆಟ್ ಕಡೆಗೆ ನಡೆಯುತ್ತಾ, ಸಿಕ್ಕ ಸಿಕ್ಕ ಅಂಗಡಿಯಲ್ಲಿ ನಿಂತು ಬಾಲಯೇಸುವನ್ನು ಎತ್ತಿ ನೋಡುವುದೇ ಕೆಲಸ. ಒಂದು ಸಣ್ಣ ಅಂಗಡಿಯ ಅಮ್ಮ ಕೇಳಿಯೇಬಿಟ್ಟರು.

"ಏನಕ್ಕಾ, ಎಲ್ಲಾ ಪಾಪುನೂ ಎತ್ತಿ ಎತ್ತಿ ನೋಡ್ತಿದ್ದೀರಾ?"

"ಪಾಪು ಬೇರೆ ಇರೋ ಸೆಟ್ ಬೇಕಿತ್ತಮ್ಮ. 24ರವರೆಗೂ ತೆಗೆದಿಡಬೇಕು."

ಅವರು ಕೆಳಗೆ ಬಗ್ಗಿ ಪೇಪರ್ ಸುತ್ತಿದ್ದ ಗೊಂಬೆಗಳ ಡಬ್ಬ ಎಳೆದರು. ಸುಟ್ಟ ಮಣ್ಣಿನ ಹನ್ನೆರಡು ಗೊಂಬೆ: ಮರಿಯಮ್ಮ, ಜೋಸೆಫರು, ಬಾಲಯೇಸು, ಇಬ್ಬರು ಕುರುಬರು, ಮೂವರು ರಾಯರು (ಬಾಲಯೇಸುವನ್ನು ನೋಡಲು ಮೂಡಣದಿಂದ ಬಂದ ಜ್ಞಾನಿಗಳು), ಒಬ್ಬ ದೇವದೂತ, ಎತ್ತು, ಕತ್ತೆ, ಒಂದು ಕುರಿ. ಗೋದಲಿ ಬೇರೆಯೇ ಒಂದು ತುಂಡು. ಮಗು ಹೆಬ್ಬೆರಳಿನಷ್ಟು ಉದ್ದ ಇರಬಹುದು. 1,600 ಹೇಳಿ 1,350ಕ್ಕೆ ಕೊಟ್ಟರು. ದೀಪ ಇಲ್ಲ, ಸಂಗೀತ ಇಲ್ಲ, ಗುಡಿಸಲೂ ಇಲ್ಲ. ಗುಡಿಸಲನ್ನು ನಾವೇ ತೆಂಗಿನ ಗರಿಯಲ್ಲಿ ಮಾಡಿಕೊಂಡೆವು.

ಬಳಸಿದ ಮೇಲೆ ಕಂಡ ಕೊರತೆಗಳನ್ನೂ ಹೇಳಿಬಿಡುತ್ತೇನೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಿಡುತ್ತದೆ, ಒಣ ಬ್ರಷ್ ಸಾಕು. ಕತ್ತೆಯ ನಾಲ್ಕು ಕಾಲೂ ಸಮ ಇಲ್ಲ, ಒಂದರ ಕೆಳಗೆ ರಟ್ಟು ಇಡಬೇಕು. ರಾಯರು ಜೋಸೆಫರಿಗಿಂತ ಎತ್ತರ, ಬಹುಶಃ ಬೇರೆ ಅಚ್ಚಿನವರು. ದೇವದೂತನಿಗೆ ಕೊಕ್ಕೆ ಇಲ್ಲದ ಕಾರಣ ದಾರ ಜಾರಿ ಬಿದ್ದು ಮೊದಲ ವರ್ಷವೇ ರೆಕ್ಕೆ ಮುರಿಯಿತು, ಫೆವಿಕಾಲ್ ಹಾಕಿ ಅಂಟಿಸಿದ್ದೇವೆ. ಅಂಬೆಗಾಲಿಡುವ ಮಗು ಇರುವ ಮನೆಯಾದರೆ ಮಣ್ಣಿನದು ಬೇಡ.

ಆದರೆ ಆ ಖಾಲಿ ಗೋದಲಿ ನಮ್ಮ ಮನೆಯ ಡಿಸೆಂಬರನ್ನೇ ಬದಲಿಸಿತು. ಆಗಮನ ಕಾಲದ (ಕ್ರಿಸ್ಮಸ್‌ಗೆ ಮುಂಚೆ ನಾಲ್ಕು ಭಾನುವಾರ ಕಾಯುವ ಕಾಲ) ಮೊದಲ ಭಾನುವಾರ ಗೋದಲಿಯನ್ನು ಖಾಲಿ ಇಡುತ್ತೇವೆ. ಪಕ್ಕದಲ್ಲಿ ಒಂದು ಬುಟ್ಟಿ ರಾಗಿ ಹುಲ್ಲು. ಹುಲ್ಲು ಹಾರೋಬೆಲೆ ಕಡೆಯ ನಮ್ಮ ತವರಿನಿಂದ ಬರುತ್ತದೆ. ಮನೆಯಲ್ಲಿ ಯಾರು ಒಂದು ಒಳ್ಳೆಯ ಕೆಲಸ ಮಾಡಿದರೂ, ಇಷ್ಟವಾದದ್ದು ಏನಾದರೂ ಬಿಟ್ಟುಕೊಟ್ಟರೂ, ಒಂದು ಎಳೆ ಗೋದಲಿಗೆ. ಬಾಲಯೇಸು ಬರುವ ಹೊತ್ತಿಗೆ ಹಾಸಿಗೆ ಮೆತ್ತಗೆ ಇರಬೇಕು. ಇದು ನಾನು ಕಂಡುಹಿಡಿದದ್ದಲ್ಲ, ಎಷ್ಟೋ ಮನೆಗಳಲ್ಲಿ ಇರುವ ಹಳೆಯ ರೂಢಿ. ಮೊದಲ ವರ್ಷ ನಾಲ್ಕನೇ ಭಾನುವಾರವೇ 24 ಬಿದ್ದಿತ್ತು, ಹಾಗಾಗಿ ಸಿಕ್ಕಿದ್ದು 22 ದಿನ ಮಾತ್ರ. ಮಗನಿಗೆ ಆಗ ಆರು ವರ್ಷ. ಆಟೋದಲ್ಲಿ ಅಕ್ಕನಿಗೆ ಅಂಚಿನ ಸೀಟು ಬಿಟ್ಟುಕೊಟ್ಟೆ ಅಂತ ಒಂದು ಎಳೆ ಹಾಕಿದ. ಒಂದು ದಿನ ಏಳು ಎಳೆ ಹಾಕಿ ಒಂದೊಂದಕ್ಕೂ ಲೆಕ್ಕ ಒಪ್ಪಿಸಲು ಶುರು ಮಾಡಿದಾಗ ನಮ್ಮ ಅತ್ತೆ ಅವನನ್ನು ಹತ್ತಿರ ಕರೆದು, "ಲೆಕ್ಕ ಹೇಳ್ಬಾರದು ಪುತಾ, ಅವನಿಗೆ ಗೊತ್ತಾಗುತ್ತೆ" ಅಂದರು. ಅವರು ಮಂಗಳೂರಿನವರು, ಮೊಮ್ಮಕ್ಕಳ ಜೊತೆ ಕನ್ನಡ ಮಾತಾಡುವಾಗಲೂ ಕೊಂಕಣಿಯಲ್ಲಿ ಪುತಾ (ಮಗನೇ) ಅನ್ನುವುದನ್ನು ಬಿಟ್ಟಿಲ್ಲ. ಅವತ್ತಿನಿಂದ ಯಾವ ಎಳೆ ಯಾರದ್ದು ಅಂತ ಯಾರೂ ಹೇಳುವುದಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಹುಲ್ಲು ಜಾಸ್ತಿಯಾಗಿರುತ್ತದೆ, ಅಷ್ಟೇ.

ಡಿಸೆಂಬರ್ 14ರ ಹೊತ್ತಿಗೆ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ ಚೆಲ್ಲುತ್ತೇವೆ. ಹತ್ತು ದಿನಕ್ಕೆ ಹಸಿರು ಎದ್ದು ನಿಲ್ಲುತ್ತದೆ. ಅದರ ಮುಂದೆ ಪ್ಲಾಸ್ಟಿಕ್ ಹುಲ್ಲು ಏನೂ ಅಲ್ಲ.

ರಾತ್ರಿ ಊಟಕ್ಕೆ ಮೊದಲು ಬೈಬಲಿನ ಲೂಕನ ಸುವಾರ್ತೆಯ ಎರಡನೇ ಅಧ್ಯಾಯದಿಂದ ಕೆಲವು ಸಾಲು ಓದುತ್ತೇವೆ. ಒಂದು ದಿನ ಮಗಳು ಕೇಳಿದಳು, "ಇದರಲ್ಲಿ ಎತ್ತು, ಕತ್ತೆ ಎಲ್ಲಿವೆ ಅಮ್ಮಾ?" ನಿಜ, ಗೋದಲಿ ಇದೆ, ಅವೆರಡು ಇಲ್ಲ. ಹುಡುಕಿದಾಗ ಯೆಶಾಯನ ಮೊದಲ ಅಧ್ಯಾಯದ 3ನೇ ವಚನ ಸಿಕ್ಕಿತು. ಎತ್ತಿಗೂ ಕತ್ತೆಗೂ ತಮ್ಮ ಒಡೆಯ ಗೊತ್ತು, ನನ್ನ ಜನಕ್ಕೆ ಮಾತ್ರ ಗೊತ್ತಿಲ್ಲ ಅನ್ನುವ ಅರ್ಥದ ಮಾತು. ಅದನ್ನು ಓದಿದ ಮೇಲೆ ಆ ಕುಂಟು ಕತ್ತೆಯ ಮೇಲೆ ನನಗೆ ವಿಶೇಷ ಪ್ರೀತಿ.

ರಾಯರನ್ನು ಮೊದಲೇ ಗೋದಲಿ ಹತ್ತಿರ ಇಡಬೇಡಿ. ನಮ್ಮಲ್ಲಿ ಅವರು ಪುಸ್ತಕದ ಕಪಾಟಿನ ಮೇಲಿಂದ ಹೊರಟು, ಟಿವಿ ದಾಟಿ, ದಿನಕ್ಕೊಂದಿಷ್ಟು ನಡೆದು, ಸಾಂಪ್ರದಾಯಿಕವಾಗಿ ರಾಯರ ಹಬ್ಬವಾದ ಜನವರಿ 6ಕ್ಕೆ ತಲುಪುತ್ತಾರೆ.

ಬೇರೆ ಖರ್ಚೂ ತಾನಾಗಿಯೇ ಇಳಿಯಿತು. ಈಗ ಒಂದೇ ನಕ್ಷತ್ರ. ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಹತ್ತು ಬಗೆ ಮಾಡುತ್ತಿದ್ದ ಅತ್ತೆ ಈಗ ನೆವ್ರಿ, ಕಿಡ್ಯೊ, ಗುಳಿಯೊ ಮೂರನ್ನೇ ಮಾಡುತ್ತಾರೆ. ಆದರೆ ಅಕ್ಕಪಕ್ಕದ ಮನೆಗಳಿಗೆ ಕೊಡುವ ತಟ್ಟೆ ಒಂದೂ ಕಡಿಮೆಯಾಗಿಲ್ಲ. ಮಕ್ಕಳಿಗೆ ಒಂದೊಂದೇ ಉಡುಗೊರೆ.

24ರ ರಾತ್ರಿ ಪೂಜೆ ಮುಗಿಸಿ ಮನೆಗೆ ಬಂದು, ಲೈಟ್ ಹಾಕದೆ, ಒಂದು ಮೇಣದಬತ್ತಿ ಹಚ್ಚುತ್ತೇವೆ. ಬಾಲಯೇಸುವನ್ನು ಅಲ್ಲಿಯವರೆಗೆ ಅಲ್ಮೇರಾದಲ್ಲಿ ಅತ್ತೆಯ ರೇಷ್ಮೆ ಸೀರೆಯ ಮಡಿಕೆಯಲ್ಲಿ ಇಟ್ಟಿರುತ್ತೇವೆ. ಮನೆಗೆ ಚಿಕ್ಕವನು ಅಂತ ಮಗನೇ ಎರಡೂ ಕೈಯಲ್ಲಿ ತಂದು ಹುಲ್ಲಿನ ಮೇಲೆ ಮಲಗಿಸುತ್ತಾನೆ. ಕಳೆದ ವರ್ಷ ಮಲಗಿಸಿದವನು ಎದ್ದು ಬರಲಿಲ್ಲ. ಅಲ್ಲೇ ಮಂಡಿಯೂರಿ ಕೂತಿದ್ದ. ನಾವೂ ಕೂತೆವು.

ಬೇಕಿದ್ದವರು ಬೇಗ ಹೋಗಿ, ಆಗಮನ ಕಾಲ ಕೆಲವು ವರ್ಷ ನವೆಂಬರ್ ಕೊನೆಗೇ ಶುರುವಾಗುತ್ತದೆ. ಅಂಗಡಿಯಲ್ಲೇ ಒಂದೊಂದು ಗೊಂಬೆಯನ್ನೂ ನಿಲ್ಲಿಸಿ ನೋಡಿ, ಸುತ್ತಿಕೊಳ್ಳಲು ಹಳೆಯ ಕಾಟನ್ ಬಟ್ಟೆ ಮನೆಯಿಂದಲೇ ಒಯ್ಯಿರಿ, ಅವರು ಕೊಡುವ ರಟ್ಟಿನ ಡಬ್ಬ ತೀರಾ ತೆಳು. ಆ ಅಮ್ಮನ ಹತ್ತಿರ ಬಿಡಿ ಗೊಂಬೆಯೂ ಸಿಗುತ್ತದೆ. ನಾನೂ ಹೋಗುವವಳಿದ್ದೇನೆ, ಕುರಿ ಒಂದೇ ಇದೆ, ಅದಕ್ಕೊಂದು ಜೊತೆ ಬೇಕು ಅಂತ ಮಗ ಈಗಲೇ ಹೇಳಿಟ್ಟಿದ್ದಾನೆ.