ಐದು ಮಳೆಗಾಲ ಕಂಡ ಡ್ರೈಯರ್: ತೀರ್ಥಹಳ್ಳಿಯಿಂದ ಒಂದು ಲೆಕ್ಕ

ಆರಿದ್ರಾ ಮಳೆ ಆರದೆ ಹೊಯ್ಯುತ್ತೆ ಅಂತ ನಮ್ಮ ಕಡೆ ಒಂದು ಮಾತಿದೆ. ಬಟ್ಟೆಯೂ ಆರುವುದಿಲ್ಲ ಅನ್ನೋದನ್ನ ಅದಕ್ಕೆ ಸೇರಿಸಬೇಕು. ಜೂನ್ ಕೊನೆಗೆ ಆರಿದ್ರಾ ಹಿಡಿದರೆ ಆಗಸ್ಟ್ ಅರ್ಧಕ್ಕೆ ಆಶ್ಲೇಷ ಮುಗಿಯುವ ತನಕ ನಮ್ಮನೆ ಜಗಲಿ, ಪಡಸಾಲೆ, ಮಲಗುವ ಕೋಣೆ ಎಲ್ಲಾ ಕಡೆ ಹಗ್ಗ. ಮೂರು ದಿನ ತೂಗಿದ ಟವೆಲ್ ಮುಟ್ಟಿದರೆ ತಣ್ಣಗೆ, ಮೂಸಿದರೆ ಮುಗ್ಗಲು ವಾಸನೆ. ಬಿಳಿ ಬಟ್ಟೆಗೆ ಒಮ್ಮೆ ಕರಿ ಚುಕ್ಕೆ ಹಿಡಿಯಿತು ಅಂದರೆ ಅದು ಸಾಯುವ ತನಕ ಹೋಗುವುದಿಲ್ಲ.

2021ರ ಮೇ ತಿಂಗಳಲ್ಲಿ ಮಗಳು ಹುಟ್ಟಿದಳು. ದಿನಕ್ಕೆ ಇಪ್ಪತ್ತು ಲಂಗೋಟಿ. ಅತ್ತೆ ಹಳೇ ಕ್ರಮದಂತೆ ಅಗ್ಗಿಷ್ಟಿಕೆಯಲ್ಲಿ ಕೆಂಡ ಹಾಕಿ, ಚೂರು ಲೋಬಾನ ಉದುರಿಸಿ, ಮೇಲೆ ಬಿದಿರು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಒಂದೊಂದೇ ಒಣಗಿಸುತ್ತಿದ್ದರು. ಬೆಚ್ಚಗೆ, ಘಮ ಘಮ ಅಂತ ಇರುತ್ತಿತ್ತು, ನಿಜ. ಆದರೆ ಅರವತ್ತೆಂಟು ವರ್ಷದವರು ದಿನಕ್ಕೆ ಎರಡು ಗಂಟೆ ಹೊಗೆ ಮುಂದೆ ಕೂರುವುದು ನೋಡಲಾಗದೆ ಆ ಜುಲೈನಲ್ಲಿ ಶಿವಮೊಗ್ಗದಿಂದ ಡ್ರೈಯರ್ ತರಿಸಿದೆವು. ಐದೂವರೆ ಕೆಜಿಯದ್ದು, ಬಿಸಿಗಾಳಿಯನ್ನು ದಪ್ಪ ಪೈಪಿನಲ್ಲಿ ಹೊರಗೆ ಬಿಡುವ ಸಾದಾ ಮಾದರಿ. ಇಪ್ಪತ್ನಾಲ್ಕೂವರೆ ಸಾವಿರ ಆಯಿತು. ಯಾವ ಕಂಪನಿ ಅಂತ ಹೇಳುವುದಿಲ್ಲ, ಮುಂದೆ ಸ್ವಲ್ಪ ಬಯ್ಯುವುದಿದೆ.

ಮೊದಲ ತಪ್ಪು ನಮ್ಮದೇ. ಪೈಪ್ ಹೊರಗೆ ಬಿಡಲು ಗೋಡೆ ಕೊರೆಯಬೇಕಲ್ಲ, ಆಮೇಲೆ ನೋಡೋಣ ಅಂತ ಹಾಗೇ ಕೋಣೆಯೊಳಗೆ ಓಡಿಸಿದೆವು. ಬಟ್ಟೆ ಒಣಗಿತು, ಕೋಣೆ ಒದ್ದೆಯಾಯಿತು. ಕಿಟಕಿ ಗಾಜಿನ ಮೇಲೆ ನೀರು ಇಳಿಯುತ್ತಿತ್ತು, ಹದಿನೈದು ದಿನಕ್ಕೆ ಬೀರು ಹಿಂದಿನ ಗೋಡೆ ತುಂಬಾ ಬೂಷ್ಟು. ಬಟ್ಟೆಯ ನೀರು ಎಲ್ಲಿಗಾದರೂ ಹೋಗಲೇಬೇಕು ಅನ್ನುವ ಸಣ್ಣ ವಿಷಯ ಹೊಳೆದಿರಲಿಲ್ಲ. ಈಗ ಬಚ್ಚಲಿನ ಪಕ್ಕದ ಕೋಣೆಯಲ್ಲಿ, ಎಕ್ಸಾಸ್ಟ್ ಫ್ಯಾನಿಗೆ ಬಿಟ್ಟಿದ್ದ ಕಿಂಡಿಯಿಂದ ಪೈಪ್ ಹೊರಗೆ ಹೋಗಿದೆ. ಎಲೆಕ್ಟ್ರಿಷಿಯನ್ ಬಂದು ಇದಕ್ಕೇ ಬೇರೆ ವೈರ್ ಎಳೆದು ಹದಿನಾರು ಆಂಪಿಯರ್ ಪಾಯಿಂಟ್ ಹಾಕಿಕೊಟ್ಟ. ಎರಡು ಸಾವಿರ ವ್ಯಾಟ್ ಮೇಲಿನ ಯಂತ್ರವನ್ನು ಎಕ್ಸ್‌ಟೆನ್ಷನ್ ಬಾಕ್ಸಿಗೆ ಸಿಕ್ಕಿಸುವ ಧೈರ್ಯ ಯಾರೂ ಮಾಡಬೇಡಿ.

ಈಗ ಕರೆಂಟಿನ ವಿಷಯ. ಎಲ್ಲರೂ ಕೇಳುವುದು ಇದನ್ನೇ.

ಒಂದು ಲೀಟರ್ ನೀರು ಆವಿಯಾಗಲು ಏನು ಮಾಡಿದರೂ ಸುಮಾರು 0.63 ಯೂನಿಟ್ ಶಾಖ ಬೇಕು. ಅದು ಯಾವ ಕಂಪನಿಯೂ ತಪ್ಪಿಸಲಾಗದ ಲೆಕ್ಕ. ಡ್ರಮ್ ಬಿಸಿ ಮಾಡುವುದು, ತಿರುಗಿಸುವುದು, ಹೊರಗೆ ಹೋಗುವ ಬಿಸಿಗಾಳಿ ಎಲ್ಲ ಸೇರಿ ನಮ್ಮ ಯಂತ್ರ ಲೀಟರಿಗೆ ಹತ್ತಿರ ಹತ್ತಿರ ಒಂದು ಯೂನಿಟ್ ತಿನ್ನುತ್ತದೆ. ಹಾಗಾದರೆ ಖರ್ಚು ಕಡಿಮೆ ಮಾಡುವ ಜಾಗ ಡ್ರೈಯರ್ ಅಲ್ಲ, ಅದಕ್ಕೂ ಮುಂಚಿನ ವಾಷಿಂಗ್ ಮೆಷಿನ್. ಇದು ಗೊತ್ತಾಗಲು ನನಗೆ ಎರಡು ಮಳೆಗಾಲ ಬೇಕಾಯಿತು. ಬಟ್ಟೆ ಹಾಳಾಗುತ್ತೆ ಅನ್ನುವ ಭಯಕ್ಕೆ ನಾನು ನಿಮಿಷಕ್ಕೆ 800 ಸುತ್ತಿನ ಸ್ಪಿನ್ನಿನಲ್ಲೇ ಹಿಂಡುತ್ತಿದ್ದೆ. ಒಂದು ದಿನ ಅಡಿಕೆ ತೂಗುವ ತಕ್ಕಡಿ ಒಳಗೆ ತಂದು ತೂಗಿಯೇ ಬಿಟ್ಟೆ. ಒಣಗಿದ್ದಾಗ ನಾಲ್ಕು ಕೆಜಿ ಇದ್ದ ಬಟ್ಟೆ 800ರಲ್ಲಿ ಹಿಂಡಿದ ಮೇಲೆ 6.8 ಕೆಜಿ. ಅದೇ ಬಟ್ಟೆಗೆ 1200 ಕೊಟ್ಟರೆ 6.2. ಆರುನೂರು ಗ್ರಾಂ ನೀರು ಸುಮ್ಮನೆ ಚರಂಡಿಗೆ ಹೋಯಿತು, ಅರ್ಧ ಯೂನಿಟ್‌ಗಿಂತ ಹೆಚ್ಚು ಉಳಿಯಿತು. ನಮ್ಮನೆಯವರು ಪಕ್ಕದಲ್ಲಿ ನಿಂತು, "ಇಷ್ಟು ಶಿಸ್ತು ಅಡಿಕೆ ಮಾರುವಾಗ ತೋರಿಸಿದ್ದರೆ" ಅಂದರು. ಇರಲಿ.

ಈಗ ಒಂದು ಸಲಕ್ಕೆ 2.3 ಯೂನಿಟ್ ಆಸುಪಾಸು, ಒಂದೂವರೆ ಗಂಟೆ. ಯೂನಿಟ್ ದರ 2025-26ರಲ್ಲಿ 5 ರೂಪಾಯಿ 80 ಪೈಸೆ ಇತ್ತು. ತೆರಿಗೆ ಗಿರಿಗೆ ಸೇರಿ ಆರೂವರೆ ಏಳು ಅಂದುಕೊಳ್ಳಿ. ಅಲ್ಲಿಗೆ ಹದಿನೈದು ರೂಪಾಯಿ. ಅಯ್ಯೋ ಅನ್ನುವ ಮೊದಲು ಹಿಂದೆ ಏನು ಮಾಡುತ್ತಿದ್ದೆವು ನೋಡಿ. ಹಗ್ಗದ ಕೆಳಗೆ ಎರಡು ಫ್ಯಾನ್, ಸಂಜೆ ಆರರಿಂದ ಬೆಳಿಗ್ಗೆ ಆರರ ತನಕ. ಎಪ್ಪತ್ತೈದು ವ್ಯಾಟಿನ ಎರಡು ಫ್ಯಾನ್ ಹನ್ನೆರಡು ಗಂಟೆ ತಿರುಗಿದರೆ 1.8 ಯೂನಿಟ್. ಬೆಳಿಗ್ಗೆ ಅರೆ ಹಸಿ ಬಟ್ಟೆಗೆ ಮತ್ತೆ ಇಸ್ತ್ರಿ. ಆ ಖರ್ಚು ಯಾರೂ ಬರೆದಿಡುತ್ತಿರಲಿಲ್ಲ, ಅಷ್ಟೇ.

ಆದರೆ ಹದಿನೈದು ರೂಪಾಯಿ ಅನ್ನುವುದೂ ಪೂರ್ತಿ ನಿಜ ಅಲ್ಲ. ಸರ್ಕಾರದ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಲೆಕ್ಕವೇ ಬೇರೆ. 2022-23ರ ಬಳಕೆಯ ಸರಾಸರಿಯ ಮೇಲೆ ಹತ್ತು ಪರ್ಸೆಂಟ್ ಸೇರಿಸಿ ನಮಗೆ ತಿಂಗಳಿಗೆ ಉಚಿತವಾಗಿ ಸಿಕ್ಕಿದ್ದು 141 ಯೂನಿಟ್. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿದರೆ ಮೊದಲ ಯೂನಿಟ್‌ನಿಂದ ಪೂರ್ತಿ ಬಿಲ್. ಮಳೆಗಾಲದಲ್ಲಿ ಡ್ರೈಯರ್ ಇಲ್ಲದೆ ನಮ್ಮದು 150-155. ತಿಂಗಳಿಗೆ ಇಪ್ಪತ್ತು ಸಲ ಓಡಿಸಿದರೆ ಮೇಲೆ 46. ತೂಗುಸೇತುವೆ ಮೇಲೆ ನಡೆದ ಹಾಗೆ. 2025ರ ಜುಲೈನಲ್ಲಿ ನೆಂಟರು ಬಂದು ನಾಲ್ಕು ದಿನ ಇದ್ದರು, ಹಾಸಿಗೆ ಹೊದಿಕೆ ಎಲ್ಲಾ ಒಗೆದು ಒಣಗಿಸಿದೆ. 206 ಯೂನಿಟ್. ಬಿಲ್ ಸಾವಿರದ ಏಳುನೂರು ಚಿಲ್ಲರೆ. ಅದರ ಹಿಂದಿನ ತಿಂಗಳು 193 ಆಗಿತ್ತು, ಕಟ್ಟಿದ್ದು ನಾನೂರರ ಒಳಗೆ. ಆವತ್ತಿಂದ ಮೀಟರ್ ಓದುವವರು ಬರುವ ವಾರ ನಮ್ಮನೆಯವರು ಟಾರ್ಚ್ ಹಿಡಿದು ಮೀಟರ್ ನೋಡಿ ಬಂದು, ಇನ್ನೆಷ್ಟು ಸಲ ಓಡಿಸಬಹುದು ಅಂತ ಹೇಳುತ್ತಾರೆ. ಉಳಿದದ್ದು ಬಚ್ಚಲು ಒಲೆ ಮೇಲಿನ ಗಳಕ್ಕೆ.

ಅನುಕೂಲ? ಮಗಳು ಈಗ ಶಾಲೆಗೆ ಹೋಗುತ್ತಾಳೆ, ಯೂನಿಫಾರ್ಮ್ ಎರಡೇ ಜೊತೆ. ಸಂಜೆ ಕೆಸರು ಮಾಡಿಕೊಂಡು ಬಂದದ್ದು ರಾತ್ರಿ ಊಟದ ಹೊತ್ತಿಗೆ ಮಡಚಿ ಇಡಬಹುದು. ಬಿಸಿ ಇರುವಾಗಲೇ ತೆಗೆದು ಕೊಡವಿ ಮಡಚಿದರೆ ದಿನಬಳಕೆಯ ಬಟ್ಟೆಗೆ ಇಸ್ತ್ರಿ ಬೇಡ. ಅರ್ಧ ಗಂಟೆ ಮರೆತಿರೋ, ಸುಕ್ಕು ಗಟ್ಟಿಯಾಗಿ ಕೂತಿರುತ್ತದೆ.

ಸೀರೆ, ಪಂಚೆ ಮಾತ್ರ ಈ ಯಂತ್ರಕ್ಕೆ ಅರ್ಥವೇ ಆಗಿಲ್ಲ. ಐದೂವರೆ ಮೀಟರ್ ಸೀರೆ ಡ್ರಮ್ಮಿನಲ್ಲಿ ತಿರುಗಿ ತಿರುಗಿ ಹಗ್ಗವಾಗಿ, ಮಧ್ಯೆ ಎರಡು ಒಳಲಂಗ ನುಂಗಿಕೊಂಡು ಕೂರುತ್ತದೆ. ಹೊರಗೆ ಸುಡುತ್ತದೆ, ಒಳಗೆ ಹಸಿ. ನೂಲಿನ ಸೀರೆಯಾದರೆ ಅದೊಂದನ್ನೇ ಹಾಕಿ, ಅರ್ಧದಲ್ಲಿ ನಿಲ್ಲಿಸಿ, ಕೊಡವಿ ಮತ್ತೆ ಹಾಕಬೇಕು. ರೇಷ್ಮೆ, ಜರಿ, ಉಲ್ಲನ್ ಹತ್ತಿರವೂ ಸುಳಿಯಬಾರದು. ನನ್ನ ಒಂದು ಖಾದಿ ಕುರ್ತಾ ಈಗ ತಂಗಿಯ ಮಗಳಿಗೆ ಸರಿಯಾಗುತ್ತದೆ. ಎಣ್ಣೆ ಸ್ನಾನದ ಟವೆಲನ್ನೂ ನಾನು ಹಾಕುವುದಿಲ್ಲ. ಎಣ್ಣೆ ಅಂಟಿದ ಬಟ್ಟೆ ಬಿಸಿಯಲ್ಲಿ ತಾನಾಗಿ ಕಾದು ಹೊತ್ತಿಕೊಳ್ಳಬಹುದು ಅಂತ ಮ್ಯಾನ್ಯುಯಲ್‌ನಲ್ಲೇ ಬರೆದಿದೆ. ಓಡುವಾಗ ಕರೆಂಟ್ ಹೋದರೂ ನಾನು ಮೊದಲು ಮಾಡುವುದು ಬಾಗಿಲು ತೆಗೆದು ಬಟ್ಟೆ ಹೊರಗೆ ಹರವುವುದು. ಯಂತ್ರ ಕೊನೆಯ ಹತ್ತು ನಿಮಿಷ ತಣ್ಣನೆ ಗಾಳಿ ಬಿಡುವುದು ಬಟ್ಟೆಯ ಕಾವು ಇಳಿಯಲಿ ಅಂತ, ಸುಮ್ಮನೆ ಅಲ್ಲ.

ಬಟ್ಟೆಯಿಂದ ಉದುರುವ ಜುಂಗು ಹಿಡಿಯುವ ಲಿಂಟ್ ಫಿಲ್ಟರ್ ಪ್ರತಿ ಸಲ ತೆಗೆಯಬೇಕು. ಬಾಗಿಲಿನ ಕೆಳಗಿನ ಜಾಲರಿ ಎಳೆದರೆ ಅದರ ಮೇಲೆ ಬೂದು ಬಣ್ಣದ ಮೆತ್ತನೆ ಪದರ, ಹಿಂಜಿದ ಹತ್ತಿಯ ಹಾಗೆ. ಬೆರಳಲ್ಲಿ ಒಂದು ಅಂಚು ಎತ್ತಿದರೆ ಇಡಿಯಾಗಿ ಸುಲಿದು ಬರುತ್ತದೆ. ಹೊಸ ಕೆಂಪು ಬೆಡ್‌ಶೀಟ್ ಹಾಕಿದ ವಾರ ಗುಲಾಬಿ ಬಣ್ಣ. ಇಷ್ಟೂ ನಮ್ಮ ಬಟ್ಟೆಯೇ ತಾನೆ ಅಂತ ಪ್ರತಿ ಸಲ ಹೊಟ್ಟೆ ಚುರುಕ್ ಅನ್ನುತ್ತದೆ.

ರಿಪೇರಿ ಎರಡು. 2023ರ ಜೂನ್‌ನಲ್ಲಿ ಯಂತ್ರ ಹತ್ತು ನಿಮಿಷಕ್ಕೊಮ್ಮೆ ಬಿಸಿಯಾಗುವುದು ನಿಲ್ಲಿಸುತ್ತಿತ್ತು. ಪೈಪ್ ಬಿಚ್ಚಿದರೆ, ಬೇಸಿಗೆಯಿಡೀ ಸುಮ್ಮನಿದ್ದ ಅದರೊಳಗೆ ಕುಂಬಾರ ಹುಳ ಮಣ್ಣಿನ ಗೂಡು ಸಾಲಾಗಿ ಕಟ್ಟಿತ್ತು. ಗಾಳಿ ಹೋಗಲು ದಾರಿ ಇಲ್ಲ. ಅದಕ್ಕೆ ಕಂಪನಿಯನ್ನು ದೂರಲಾರೆ. ಮರುವರ್ಷ ಪುನರ್ವಸು ಮಳೆಯಲ್ಲಿ ಬೆಲ್ಟ್ ಕಿತ್ತುಹೋಯಿತು, ಅದಕ್ಕೆ ದೂರುತ್ತೇನೆ. ಬೆಲ್ಟಿಗೆ ಒಂಬೈನೂರು, ಬಂದು ಹೋಗುವುದಕ್ಕೆ ಬೇರೆ, ದುಡ್ಡು ದೊಡ್ಡದಲ್ಲ. ಅರವತ್ತು ಕಿಲೋಮೀಟರ್ ದೂರದ ಶಿವಮೊಗ್ಗದಿಂದ ಜನ ಬರಲು ಹನ್ನೊಂದು ದಿನ ಹಿಡಿಯಿತು. ಡ್ರೈಯರ್ ಬೇಕಾಗುವುದೇ ವರ್ಷಕ್ಕೆ ನೂರು ದಿನ, ಅದರಲ್ಲಿ ಹನ್ನೊಂದು!

ಹೀಟ್ ಪಂಪ್ ಇರುವುದು ತಗೊಳ್ಳಲಾ ಅಂತ ಪರಿಚಯದವರು ಕೇಳುತ್ತಾರೆ. ಅದು ಬಿಸಿಯನ್ನು ಹೊರಗೆ ಬಿಡದೆ ಮತ್ತೆ ಬಳಸುತ್ತದೆ, ಹೆಚ್ಚುಕಡಿಮೆ ಅರ್ಧ ಕರೆಂಟಲ್ಲಿ ಮುಗಿಸುತ್ತದೆ, ಪೈಪೂ ಬೇಡ. ನಾನು ವಿಚಾರಿಸಿದಾಗ ಅರವತ್ತು ಸಾವಿರದ ಮೇಲೆ ಹೇಳಿದರು. ಸಲಕ್ಕೆ ಏಳೆಂಟು ರೂಪಾಯಿ ಉಳಿಸಿ, ವರ್ಷಕ್ಕೆ ಎಂಬತ್ತು ಸಲ ಓಡಿಸಿ, ಮೇಲಿನ ಮೂವತ್ತೈದು ಸಾವಿರ ವಾಪಸ್ ಬರುವ ಹೊತ್ತಿಗೆ ಮಗಳ ಮದುವೆ ಆಗಿರುತ್ತದೆ. 200ರ ಗೆರೆಯ ಅಂಚಿನಲ್ಲೇ ಸದಾ ಇರುವವರು, ವರ್ಷವಿಡೀ ಓಡಿಸುವವರು ಬೇರೆ ಲೆಕ್ಕ ಹಾಕಿಕೊಳ್ಳಬಹುದು. ನಮ್ಮದು ಕೆಟ್ಟರೆ ಮತ್ತೆ ಇಂಥದ್ದೇ ತರುತ್ತೇನೆ, ರಿಪೇರಿಯವರು ಊರಲ್ಲೇ ಇರುವ ಕಂಪನಿಯದ್ದು.

ಅತ್ತೆಯ ಮಡಿ ಸೀರೆಗೆ ಮೊದಲ ದಿನದಿಂದಲೂ ಇದರೊಳಗೆ ಪ್ರವೇಶ ಇಲ್ಲ. "ಎಲ್ಲರ ಚಡ್ಡಿ ತಿರುಗಿದ ಡಬ್ಬದಲ್ಲಿ ಮಡಿ ಹೇಗೆ ಒಣಗುತ್ತೆ ಮಾರಾಯ್ತಿ?" ಅದು ಇವತ್ತಿಗೂ ಕೋಲಿನಿಂದ ಎತ್ತರದ ಗಳದ ಮೇಲೇ ಹೋಗುತ್ತದೆ. ಆದರೆ ಈ ವರ್ಷ ಪುಷ್ಯ ಮಳೆ ಜೋರಾದ ಒಂದು ರಾತ್ರಿ ಅವರ ರಗ್ಗನ್ನು ತಂದು ಕೈಗೆ ಕೊಟ್ಟು, ಹತ್ತೇ ನಿಮಿಷ, ಬೆಚ್ಚಗಾದರೆ ಸಾಕು ಅಂದರು. ಮೀಟರ್ ಆಗ 188ರಲ್ಲಿತ್ತು. ಹಾಕಿಕೊಟ್ಟೆ.