ಒಂಬತ್ತನೇ ವಾರದ ಭೇದಿ ಗುಣವಾಗುವ ಲಕ್ಷಣವಲ್ಲ: ಲೈಮ್ ರೋಗದ ಔಷಧ ತೆಗೆದುಕೊಳ್ಳುವವರು ದಯವಿಟ್ಟು ಓದಿ

ಉಣುಗು ಕಚ್ಚಿ ಹರಡುವ ಲೈಮ್ ರೋಗಕ್ಕೆ ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರಿಗಾಗಿ, ಅದರಲ್ಲೂ ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕೆಂದು ಯಾರಿಂದಲೋ ಹೇಳಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಆಸ್ಪತ್ರೆ ಸೇರಿದ್ದು ಕಾಯಿಲೆಯಿಂದಲ್ಲ, ಔಷಧದಿಂದ. ಆ ಹಾನಿಯನ್ನು ಹನ್ನೊಂದು ದಿನ "ಒಳಗಿನ ರೋಗಾಣು ಸಾಯುತ್ತಿದೆ" ಎಂದು ನಂಬಿ ಹಲ್ಲು ಕಚ್ಚಿ ಸಹಿಸಿದ್ದೆ.

ಉಣುಗು ಕಚ್ಚಿದ್ದು ನನಗೆ ಗೊತ್ತೇ ಆಗಿರಲಿಲ್ಲ. ಮರಿ ಉಣುಗು ಗಸಗಸೆ ಕಾಳಿನಷ್ಟಿರುತ್ತದೆ, ಕಚ್ಚಿದರೆ ನೋವೂ ಇಲ್ಲ. ಮಂಡಿಯ ಹಿಂದೆ ಕೆಂಪು ಮಚ್ಚೆಯೊಂದು ದಿನದಿಂದ ದಿನಕ್ಕೆ ಹರಡಿ ಅಂಗೈಯಗಲವಾದಾಗ ವೈದ್ಯರಿಗೆ ತೋರಿಸಿದೆ. ಅವರು ನೋಡಿದ ಕೂಡಲೇ ಗುರುತಿಸಿದರು. ರಕ್ತಪರೀಕ್ಷೆಗೆ ಕಾಯಲಿಲ್ಲ, ಮೊದಲ ವಾರಗಳಲ್ಲಿ ಪ್ರತಿಕಾಯಗಳು ಇನ್ನೂ ಮೂಡಿರುವುದಿಲ್ಲವಾದ್ದರಿಂದ ರೋಗವಿದ್ದರೂ ಇಲ್ಲವೆಂದು ಫಲಿತಾಂಶ ಬರಬಹುದಂತೆ. ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ, ದಿನಕ್ಕೆ ಎರಡು ಸಲ, 10 ದಿನ. ಇಷ್ಟೇ ಬರೆದುಕೊಟ್ಟರು.

ಮೊದಲ ಗುಳಿಗೆ ನುಂಗಿದ ಆರು ಗಂಟೆಗೆ ಮೈ ಗಡಗಡ ನಡುಗಿತು. ಎರಡು ಕಂಬಳಿ ಹೊದ್ದರೂ ಚಳಿ ಹೋಗಲಿಲ್ಲ. ಮಚ್ಚೆ ಕೆಂಡದಂತೆ ಕೆಂಪಾಯಿತು. ಫೋನ್ ಮಾಡಿದಾಗ ವೈದ್ಯರು ಸಮಾಧಾನವಾಗಿ ವಿವರಿಸಿದರು: ಲೈಮ್ ರೋಗಕ್ಕೆ ಕಾರಣವಾದ ಬೊರೇಲಿಯಾ ಸುರುಳಿಯಾಕಾರದ ಬ್ಯಾಕ್ಟೀರಿಯಾ, ಔಷಧ ತಾಗಿ ಅವು ಒಟ್ಟಿಗೆ ಸಾಯುವಾಗ ಹೊರಬೀಳುವ ವಸ್ತುಗಳಿಗೆ ದೇಹ ಹೀಗೆ ಪ್ರತಿಕ್ರಿಯಿಸುವುದುಂಟು, ಒಂದೆರಡು ದಿನದಲ್ಲಿ ಇಳಿಯುತ್ತದೆ, ಗುಳಿಗೆ ನಿಲ್ಲಿಸಬೇಡಿ. ಮರುದಿನ ಸಂಜೆಯ ಹೊತ್ತಿಗೆ ನಿಜವಾಗಿಯೂ ಇಳಿದಿತ್ತು.

ಇದಕ್ಕೆ ಯಾರಿಶ್-ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ ಎಂದು ಹೆಸರು. ಸಿಫಿಲಿಸ್ ರೋಗಿಗಳಿಗೆ ಪಾದರಸ ಕೊಡುತ್ತಿದ್ದ ಕಾಲದಲ್ಲಿ, 1895ರಲ್ಲಿ ಯಾರಿಶ್, 1902ರಲ್ಲಿ ಹರ್ಕ್ಸ್‌ಹೈಮರ್ ಎಂಬ ಚರ್ಮವೈದ್ಯರು ಇದನ್ನು ದಾಖಲಿಸಿದರು. ಸಿಫಿಲಿಸ್‌ನ ರೋಗಾಣುವೂ ಸುರುಳಿಯಾಕಾರದ್ದೇ. ಹಾಗಾಗಿ ಇದು ಕಟ್ಟುಕಥೆಯಲ್ಲ. ಆದರೆ ಇದಕ್ಕೊಂದು ಗಡಿಯಾರವಿದೆ: ಔಷಧ ಶುರುವಾದ ಮೊದಲ 24 ಗಂಟೆಯೊಳಗೆ ಬರುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಈ ಒಂದು ಮಾತನ್ನು ನಾನು ಆಗ ಮನಸ್ಸಿಗೆ ಹಾಕಿಕೊಂಡಿದ್ದರೆ ಮುಂದಿನದೆಲ್ಲ ನಡೆಯುತ್ತಿರಲಿಲ್ಲ.

ನಾಲ್ಕನೇ ರಾತ್ರಿ ನಿದ್ದೆಗಣ್ಣಿನಲ್ಲಿ ಒಂದೇ ಗುಟುಕು ನೀರಿನೊಂದಿಗೆ ಗುಳಿಗೆ ನುಂಗಿ ಹಾಗೆಯೇ ಮಲಗಿಬಿಟ್ಟೆ. ಬೆಳಗಿನ ಜಾವ ಎದೆಯ ನಡುವೆ ಯಾರೋ ಕೆಂಡ ಇಟ್ಟಂತೆ ಉರಿಯಿಂದ ಎಚ್ಚರವಾಯಿತು. ಉಗುಳು ನುಂಗಿದರೂ ಮೂಳೆಯ ಹಿಂದೆ ಒಂದೇ ಜಾಗದಲ್ಲಿ ಚುಚ್ಚುತ್ತಿತ್ತು. ಗುಳಿಗೆ ಅನ್ನನಾಳಕ್ಕೆ ಅಂಟಿಕೊಂಡು ಅಲ್ಲೇ ಕರಗಿ ಹುಣ್ಣು ಮಾಡಿತ್ತು. ಐದು ದಿನ ತಣ್ಣಗಿನ ಗಂಜಿ ಬಿಟ್ಟು ಬೇರೇನೂ ಇಳಿಯಲಿಲ್ಲ. ಡಾಕ್ಸಿಸೈಕ್ಲಿನ್ ಅನ್ನು ದೊಡ್ಡ ಲೋಟದ ತುಂಬ ನೀರಿನೊಂದಿಗೆ ನುಂಗಿ, ಕನಿಷ್ಠ ಅರ್ಧ ಗಂಟೆ ನೆಟ್ಟಗೆ ಕುಳಿತಿರಬೇಕು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆ, ಆಮ್ಲಪಿತ್ತದ ಔಷಧಗಳನ್ನು ಅದರ ಜೊತೆಗೇ ನುಂಗಿದರೆ ಗುಳಿಗೆ ಮೈಗೆ ಹತ್ತುವುದಿಲ್ಲ. ನಡುವೆ ಕೆಲವು ಗಂಟೆಗಳ ಅಂತರವಿರಲಿ. ಬಿಸಿಲಿನ ವಿಷಯವೂ ಹಾಗೆಯೇ: ಇಪ್ಪತ್ತು ನಿಮಿಷ ಹೊರಗಿದ್ದದ್ದಕ್ಕೆ ಅಂಗಿಯ ತೋಳು ಮುಗಿಯುವಲ್ಲಿಂದ ಬೆರಳಿನವರೆಗೆ ಚರ್ಮ ಸುಟ್ಟು ಸುಲಿಯಿತು.

ಇಷ್ಟಾದರೂ ಹತ್ತು ದಿನ ಪೂರೈಸಿದೆ, ಮಚ್ಚೆ ಮಾಯವಾಯಿತು. ಉಳಿದದ್ದು ಆಯಾಸ ಮತ್ತು ಕೀಲುನೋವು. ಚಿಕಿತ್ಸೆ ಮುಗಿದ ಮೇಲೂ ಕೆಲವರಿಗೆ ಇದು ತಿಂಗಳುಗಟ್ಟಲೆ ಉಳಿದು, ಸಾಮಾನ್ಯವಾಗಿ ತಾನಾಗಿಯೇ ನಿಧಾನವಾಗಿ ಕಡಿಮೆಯಾಗುತ್ತದೆ ಎಂದು ಮೊದಲ ವೈದ್ಯರು ಹೇಳಿದ್ದರು. ನನಗೆ ತಾಳ್ಮೆ ಇರಲಿಲ್ಲ. ಪರಿಚಿತರೊಬ್ಬರ ಮಾತು ಕೇಳಿ ಲೈಮ್ ರೋಗವನ್ನೇ ವಿಶೇಷವಾಗಿ ನೋಡುತ್ತೇನೆ ಎನ್ನುವ ಇನ್ನೊಬ್ಬರ ಬಳಿ ಹೋದೆ. "ಅದು ಇನ್ನೂ ಒಳಗೆ ಅಡಗಿದೆ" ಎಂದು ಅವರು ಸೆಫುರಾಕ್ಸಿಮ್ ಎಂಬ ಇನ್ನೊಂದು ಆ್ಯಂಟಿಬಯೋಟಿಕ್ ಶುರುಮಾಡಿದರು, ಆರು ತಿಂಗಳಿಗೆ. ತಲೆನೋವು ಎಂದರೆ ಹರ್ಕ್ಸ್, ಅಂದರೆ ಅದೇ ಹರ್ಕ್ಸ್‌ಹೈಮರ್ ಪ್ರತಿಕ್ರಿಯೆ. ನಿದ್ದೆ ಇಲ್ಲ ಎಂದರೆ ಹರ್ಕ್ಸ್. "ಹೆಚ್ಚಾದಷ್ಟೂ ಒಳ್ಳೆಯದು, ಔಷಧ ಕೆಲಸ ಮಾಡುತ್ತಿದೆ ಎಂದರ್ಥ" ಎನ್ನುತ್ತಿದ್ದರು. ಮೊದಲ ದಿನದ ಆ ನಡುಕ ನಿಜವಾಗಿತ್ತಲ್ಲ, ಅದಕ್ಕೇ ಇದನ್ನೂ ನಂಬಿದೆ.

ಒಂಬತ್ತನೇ ವಾರ ಭೇದಿ ಶುರುವಾಯಿತು. ಮೊದಲು ದಿನಕ್ಕೆ ನಾಲ್ಕು ಸಲ, ಆಮೇಲೆ ಹತ್ತು ಹನ್ನೆರಡು ಸಲ, ಬರೀ ನೀರು, ಬೇರೆ ಯಾವ ಭೇದಿಯಲ್ಲೂ ಇರದ ಒಂದು ಕಟುವಾದ ವಾಸನೆ. ಕೇಳಿದರೆ "ವಿಷ ಹೊರಗೆ ಹೋಗುತ್ತಿದೆ" ಎಂದರು. ಭೇದಿ ಕಟ್ಟುವ ಮಾತ್ರೆಯನ್ನು ನಾನೇ ತಂದು ನುಂಗಿದೆ. ಹನ್ನೊಂದನೇ ದಿನ ಅಕ್ಕ ನೋಡಲು ಬಂದವಳು ಬಾಗಿಲಲ್ಲೇ ನಿಂತುಬಿಟ್ಟಳು. ಬಳಿಗೆ ಬಂದು ನನ್ನ ಮುಂಗೈಯ ಚರ್ಮವನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಿಟ್ಟಳು. ಅದು ಕೆಳಗಿಳಿಯದೆ ಗುಡಾರದಂತೆ ನಿಂತಿತು. "ಏಳು, ಬಟ್ಟೆ ಬದಲಿಸಬೇಡ, ಹೊರಡು" ಎಂದಳು.

ಆಸ್ಪತ್ರೆಯಲ್ಲಿ ಮಲಪರೀಕ್ಷೆ ಮಾಡಿದಾಗ ಕ್ಲಾಸ್ಟ್ರಿಡಿಯೋಯಿಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾದ ವಿಷ ಸಿಕ್ಕಿತು. ಆ್ಯಂಟಿಬಯೋಟಿಕ್ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಗುಡಿಸಿ ಹಾಕಿದಾಗ, ಖಾಲಿಯಾದ ಜಾಗದಲ್ಲಿ ಇದು ಬೆಳೆದು ದೊಡ್ಡಕರುಳಿನ ಒಳಪದರವನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಎಷ್ಟು ಕುಸಿದಿತ್ತೆಂದರೆ ಎದೆಗೆ ತಂತಿ ಅಂಟಿಸಿ ಹೃದಯ ಬಡಿತವನ್ನು ರಾತ್ರಿಯಿಡೀ ಗಮನಿಸಿದರು. ಭೇದಿ ಕಟ್ಟುವ ಮಾತ್ರೆಯ ಸಂಗತಿ ಹೇಳಿದಾಗ ಕರ್ತವ್ಯದಲ್ಲಿದ್ದ ವೈದ್ಯೆಯ ಮುಖ ಬಿಗಿಯಾಯಿತು. ವಿಷ ಕರುಳಲ್ಲೇ ನಿಂತು ಇನ್ನಷ್ಟು ಅಪಾಯವಾಗಬಹುದಿತ್ತಂತೆ. ಸೆಫುರಾಕ್ಸಿಮ್ ಅಂದೇ ನಿಂತಿತು. ಈ ಬ್ಯಾಕ್ಟೀರಿಯಾಕ್ಕೆ ಕೊಡುವ ವ್ಯಾಂಕೊಮೈಸಿನ್ ಎಂಬ ಔಷಧವನ್ನು ಬಾಯಿಯ ಮೂಲಕ 10 ದಿನ ಕೊಟ್ಟರು. ಮನೆಯವರಿಗೂ ಒಂದು ಮಾತು ಹೇಳಿದರು: ಈ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲ್ ಸ್ಯಾನಿಟೈಸರ್‌ಗೆ ಸಾಯುವುದಿಲ್ಲ, ಸೋಪು ಹಚ್ಚಿ ಹರಿಯುವ ನೀರಿನಲ್ಲೇ ಕೈ ತೊಳೆಯಬೇಕು.

ಹಾಸಿಗೆಯಲ್ಲಿದ್ದಾಗ ಓದಿ ತಿಳಿದದ್ದು ನನಗೆ ಹೆಚ್ಚು ಸಂಕಟ ಕೊಟ್ಟಿತು. ದೀರ್ಘಕಾಲದ ಆ್ಯಂಟಿಬಯೋಟಿಕ್‌ನಿಂದ ಉಳಿದ ಲಕ್ಷಣಗಳು ಹೋಗುತ್ತವೆಯೇ ಎಂದು ಆಗಲೇ ಪರೀಕ್ಷಿಸಿ ನೋಡಿದ್ದರು. 2001ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ 30 ದಿನ ರಕ್ತನಾಳದ ಮೂಲಕ, ನಂತರ 60 ದಿನ ಬಾಯಿಯ ಮೂಲಕ ಔಷಧ ಕೊಟ್ಟರೂ ಹುಸಿ ಔಷಧಕ್ಕಿಂತ ಹೆಚ್ಚಿನ ಗುಣ ಕಾಣಲಿಲ್ಲ. 2016ರಲ್ಲಿ ನೆದರ್ಲೆಂಡ್ಸ್‌ನಿಂದ ಬಂದ 12 ವಾರಗಳ ಪ್ರಯೋಗದ ಫಲಿತಾಂಶವೂ ಅದೇ. ನಾನು ಆ ಔಷಧ ಶುರುಮಾಡುವ ಮೊದಲೇ ಇವೆಲ್ಲ ಅಚ್ಚಾಗಿದ್ದವು.

ತಪ್ಪು ತಿಳಿಯಬೇಡಿ, ಲೈಮ್ ರೋಗಕ್ಕೆ ಆ್ಯಂಟಿಬಯೋಟಿಕ್ ಬೇಕೇ ಬೇಕು. ಬಿಟ್ಟರೆ ಕೀಲು, ನರ, ಹೃದಯಕ್ಕೂ ಹೋಗುತ್ತದೆ. ಮೊದಲ ಹತ್ತು ದಿನದ ಗುಳಿಗೆಯನ್ನು ಹೆದರಿ ನೀವಾಗಿಯೇ ನಿಲ್ಲಿಸಬೇಡಿ. ಆದರೆ ಎರಡನೇ ದಿನ ಕಳೆದ ಮೇಲೆ ಹೊಸದಾಗಿ ಏನು ಕಂಡರೂ ಅದನ್ನು ಹರ್ಕ್ಸ್ ಎಂದುಕೊಳ್ಳದೆ ವೈದ್ಯರನ್ನು ಕೇಳಿ. ದಿನಕ್ಕೆ ಮೂರು ಸಲ ಅಥವಾ ಹೆಚ್ಚು ನೀರಾಗಿ ಭೇದಿಯಾದರೆ, ಅದು ಔಷಧ ಮುಗಿದು ಕೆಲವು ವಾರವಾದ ಮೇಲಾದರೂ, ವೈದ್ಯರಿಗೆ ತಿಳಿಸಿ. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಾಗ ಜೋರು ತಲೆನೋವಿನೊಂದಿಗೆ ಕಣ್ಣು ಮಂಜಾದರೆ ಮಿದುಳಿನ ಸುತ್ತ ಒತ್ತಡ ಏರಿರಬಹುದು, ಅಂದೇ ಹೋಗಿ. ತುಟಿ ಊದಿದರೆ, ಉಸಿರು ಕಟ್ಟಿದರೆ, ಚರ್ಮದಲ್ಲಿ ಬೊಬ್ಬೆ ಎದ್ದರೆ ಒಂದು ಗಂಟೆಯೂ ಕಾಯಬೇಡಿ.

ಗುಣವಾದ ಮೂರನೇ ವಾರದಲ್ಲಿ ಭೇದಿ ಮರಳಿತು. ಈ ಸೋಂಕು ಹಾಗೆ ಮರುಕಳಿಸುವುದು ಅಪರೂಪವಲ್ಲ. ಆ ಸಲ ಎರಡನೇ ದಿನವೇ ಆಸ್ಪತ್ರೆಗೆ ಹೋದೆ. ಈಗ ಏಳು ತಿಂಗಳಾಗಿದೆ. ಆಯಾಸ ಬಹುಪಾಲು ಹೋಗಿದೆ, ಯಾವ ಗುಳಿಗೆಯೂ ಇಲ್ಲದೆ. ಹೋದ ವಾರ ಹಲ್ಲಿನ ವೈದ್ಯರು ಆ್ಯಂಟಿಬಯೋಟಿಕ್ ಬರೆಯಲು ಪೆನ್ನು ತೆಗೆದಾಗ ನಡೆದದ್ದೆಲ್ಲ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು, ಆಮೇಲೆ ಬರೀ ನೋವಿನ ಮಾತ್ರೆ ಬರೆದುಕೊಟ್ಟರು.