ತಿಳಿಸಿದ ಮೇಲೆ ಏನು? ಹಿಂಸೆಯ ಮುನ್ಸೂಚನೆ ಗುರುತಿಸುವ ತರಬೇತಿಯೊಂದರ ವಿಮರ್ಶೆ

ಸಂಸ್ಥೆಯ ಒಳಗೋ ಅಂಚಿನಲ್ಲೋ ಇರುವ ಒಬ್ಬ ವ್ಯಕ್ತಿ ಹಿಂಸೆಯತ್ತ ಜಾರುತ್ತಿರುವ ಲಕ್ಷಣಗಳನ್ನು ಸಿಬ್ಬಂದಿಯೇ ಮೊದಲು ಗುರುತಿಸುವಂತೆ ಮಾಡುತ್ತೇವೆಂದು ಹೇಳುವ ಸೇವೆಯೊಂದನ್ನು ನಾನು ಕೆಲಸ ಮಾಡುವ ಶಿಕ್ಷಣ ಸಂಸ್ಥೆ ಕಳೆದ ವರ್ಷ ಪಡೆದುಕೊಂಡಿತು. ಮೂರು ದಿನಗಳ ತರಬೇತಿ, ಒಂದು ಕೈಪಿಡಿ ಮತ್ತು ಹೆಸರು ಹೇಳದೆ ಮಾಹಿತಿ ಕೊಡಬಹುದಾದ ವರದಿ ವ್ಯವಸ್ಥೆ, ಇವಿಷ್ಟು ಅದರಲ್ಲಿ ಸೇರಿವೆ. ಮೂರನ್ನೂ ಒಂದು ವರ್ಷ ಬಳಸಿದ ಮೇಲೆ ಇದನ್ನು ಬರೆಯುತ್ತಿದ್ದೇನೆ. ನನ್ನ ಮುಖ್ಯ ಆಕ್ಷೇಪದಲ್ಲಿ ನಮ್ಮ ಸಂಸ್ಥೆಯ ತಪ್ಪಿನ ಪಾಲೂ ಇರುವುದರಿಂದ ಸೇವೆ ಒದಗಿಸಿದವರ ಹೆಸರನ್ನು ಹೇಳುವುದು ನ್ಯಾಯವಲ್ಲ. ತರಬೇತಿ ಉತ್ತಮವಾಗಿದೆ, ಕೈಪಿಡಿ ಪರವಾಗಿಲ್ಲ, ವರದಿ ವ್ಯವಸ್ಥೆಯೋ ತರಬೇತಿಯಲ್ಲಿ ಕಲಿಸಿದ್ದನ್ನೇ ಮರೆತಂತಿದೆ.

ಮೊದಲ ದಿನದ ಅವಧಿಗಳ ಬಗ್ಗೆ ನನಗೆ ಮೆಚ್ಚುಗೆಯಲ್ಲದೆ ಬೇರೆ ಮಾತಿಲ್ಲ. ದಾಳಿಕೋರನೆಂದರೆ ಯಾರೊಂದಿಗೂ ಬೆರೆಯದ, ಮನೋರೋಗವಿರುವ, ಇದ್ದಕ್ಕಿದ್ದಂತೆ ಸಿಡಿದೇಳುವ ಮನುಷ್ಯ ಎಂಬ ಚಿತ್ರವೊಂದು ನಮ್ಮೆಲ್ಲರ ತಲೆಯಲ್ಲಿತ್ತು. ತರಬೇತುದಾರರು ಅದನ್ನು ಖಂಡಿಸುವ ಗೋಜಿಗೆ ಹೋಗದೆ ಅಮೆರಿಕದಲ್ಲಿ ಅಧ್ಯಕ್ಷರ ಭದ್ರತೆ ನೋಡಿಕೊಳ್ಳುವ ಸೀಕ್ರೆಟ್ ಸರ್ವಿಸ್ ಮತ್ತು ಅಲ್ಲಿನ ಶಿಕ್ಷಣ ಇಲಾಖೆ ಜೊತೆಯಾಗಿ 2002ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಮ್ಮ ಮುಂದಿಟ್ಟರು. 1974ರಿಂದ 2000ದವರೆಗೆ ಅಲ್ಲಿನ ಶಾಲೆಗಳಲ್ಲಿ ನಡೆದ 37 ದಾಳಿಗಳನ್ನು ಮತ್ತು ಅವುಗಳ ಹಿಂದಿದ್ದ 41 ಮಂದಿಯನ್ನು ಪರಿಶೀಲಿಸಿದ ವರದಿ ಅದು. ಅವರಲ್ಲಿ ಒಂಟಿ ಸ್ವಭಾವದವರೆಂದು ಇತರರು ಕಂಡವರು ಅಥವಾ ತಾವೇ ಹಾಗೆ ಭಾವಿಸಿದವರು ಸುಮಾರು ಮೂರನೇ ಒಂದು ಪಾಲು ಮಾತ್ರ. ಮನೋರೋಗ ಅಥವಾ ವರ್ತನೆಯ ತೊಂದರೆ ಇದೆಯೆಂದು ದಾಳಿಗೆ ಮೊದಲೇ ವೈದ್ಯರು ಗುರುತಿಸಿದ್ದವರು ಶೇಕಡಾ 17. ಆದರೆ ಕಿರುಕುಳಕ್ಕೆ, ಬೆದರಿಕೆಗೆ ಅಥವಾ ಹಲ್ಲೆಗೆ ತಾವು ಗುರಿಯಾಗಿದ್ದೇವೆಂದು ಭಾವಿಸಿದ್ದವರು ಶೇಕಡಾ 71. ಇನ್ನು ಶೇಕಡಾ 81ರಷ್ಟು ಪ್ರಕರಣಗಳಲ್ಲಿ ದಾಳಿಕೋರನ ಮನಸ್ಸಿನಲ್ಲಿರುವುದು ಕನಿಷ್ಠ ಒಬ್ಬರಿಗಾದರೂ ಮೊದಲೇ ತಿಳಿದಿತ್ತು. ಹಾಗೆ ತಿಳಿದಿದ್ದವರಲ್ಲಿ ಬಹುಪಾಲು ಮಂದಿ ಗೆಳೆಯರು, ಸಹಪಾಠಿಗಳು, ಒಡಹುಟ್ಟಿದವರು.

ಈ ಕೊನೆಯ ಅಂಕಿಯನ್ನು ಓದಿ ತರಬೇತುದಾರರು ಸ್ವಲ್ಪ ಹೊತ್ತು ಸುಮ್ಮನಾದರು, ಅದು ಒಳ್ಳೆಯದೇ ಆಯಿತು. ಗುಟ್ಟಾಗಿ ಬೆಳೆದು ಯಾರ ಕಣ್ಣಿಗೂ ಬೀಳದೆ ಹೊರಬಂದ ಹಿಂಸೆ ಇದಾಗಿರಲಿಲ್ಲ. ಜನರ ನಡುವೆಯೇ ಬೆಳೆದು, ಆಡಿದ ಮಾತಿನಲ್ಲಿ, ಬರೆದ ಸಾಲಿನಲ್ಲಿ, ಬಿಡಿಸಿದ ಚಿತ್ರದಲ್ಲಿ ಅಷ್ಟಷ್ಟೇ ಹೊರಗೆ ತೊಟ್ಟಿಕ್ಕಿದ್ದ ಹಿಂಸೆಯಾಗಿತ್ತು. ಈ ಕ್ಷೇತ್ರದವರು ಇದನ್ನು ‘ಸೋರಿಕೆ’ ಎಂದೇ ಕರೆಯುತ್ತಾರೆ. ಸೋರುವುದನ್ನು ಕಂಡವರು ಏಕೆ ಬಾಯಿ ಬಿಡುವುದಿಲ್ಲ ಎಂಬ ಪ್ರಶ್ನೆಯನ್ನು ಅದೇ ಸೀಕ್ರೆಟ್ ಸರ್ವಿಸ್ 2008ರ ಇನ್ನೊಂದು ಅಧ್ಯಯನದಲ್ಲಿ ಕೈಗೆತ್ತಿಕೊಂಡಿತು. ಹೇಳಿದರೆ ದೊಡ್ಡವರು ಹೇಗೆ ನಡೆದುಕೊಂಡಾರು ಎಂಬ ಅಂದಾಜೇ ವಿದ್ಯಾರ್ಥಿಗಳು ಬಾಯಿ ಬಿಡುವುದನ್ನೂ ಬಿಡದಿರುವುದನ್ನೂ ಬಹುಮಟ್ಟಿಗೆ ನಿರ್ಧರಿಸುತ್ತದೆಂದು ಅದರಿಂದ ತಿಳಿಯುತ್ತದೆ. ದೂರು ಕೊಡಲು ಹೋದವನನ್ನೇ ಗದರಿಸಿ ಕಳಿಸುವ ಕಡೆ ಎರಡನೆಯ ದೂರು ಬರುವುದಿಲ್ಲ.

ಎರಡನೆಯ ದಿನದ ಬೆಳಗಿನ ಅಭ್ಯಾಸ ಇಡೀ ಸೇವೆಯಲ್ಲೇ ಅತ್ಯಂತ ಬೆಲೆಯುಳ್ಳ ಭಾಗ. ಹೊಸದಾಗಿ ಸೇರಿದ, ಯಾರೊಂದಿಗೂ ಮಾತನಾಡದ, ಜಗಳವೊಂದರ ನಂತರ ‘ಎಲ್ಲರನ್ನೂ ನೋಡಿಕೊಳ್ಳುತ್ತೇನೆ’ ಎಂದ ಕಾಲ್ಪನಿಕ ವಿದ್ಯಾರ್ಥಿಯೊಬ್ಬನ ವಿವರವಿದ್ದ ಹಾಳೆಯನ್ನು ಪ್ರತಿ ಗುಂಪಿಗೂ ಕೊಟ್ಟು, ಮುಂದೇನು ಮಾಡುತ್ತೀರಿ ಎಂದು ಕೇಳಿದರು. ಐದು ಗುಂಪುಗಳಲ್ಲಿ ನಾಲ್ಕು, ನಮ್ಮದೂ ಸೇರಿದಂತೆ, ಅವನನ್ನು ಅಮಾನತು ಮಾಡಿದವು. ತರಬೇತುದಾರರು ನಮ್ಮ ಹಾಳೆಗಳನ್ನು ಓದಿಯಾದ ಮೇಲೆ, ‘ಸರಿ, ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಈ ಹುಡುಗ ಎಲ್ಲಿರುತ್ತಾನೆ, ಯಾರ ಜೊತೆ ಇರುತ್ತಾನೆ?’ ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಮೊದಲೇ ಹೊರಗಿನವನೆನಿಸಿಕೊಂಡವನನ್ನು ನಾವು ಅಧಿಕೃತವಾಗಿ ಹೊರಗಿಟ್ಟು, ಸಿಟ್ಟಿನ ಜೊತೆಗೆ ಬಿಡುವಿನ ವೇಳೆಯನ್ನೂ ಅವನ ಕೈಗೆ ಕೊಟ್ಟಿದ್ದೆವು.

ಬೆದರಿಕೆಗಳ ಗಂಭೀರತೆಯನ್ನು ಅಳೆಯಲೆಂದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ 2001ರಲ್ಲಿ ರೂಪುಗೊಂಡ ಮಾರ್ಗಸೂಚಿಯನ್ನು ನಮಗೆ ಪರಿಚಯಿಸಿದ್ದು ಈ ಅಭ್ಯಾಸದ ಬೆನ್ನಿಗೇ. ಸಿಟ್ಟಿನ ಭರದಲ್ಲಿ ಬಾಯಿಗೆ ಬಂದು, ಮಾತುಕತೆಯಿಂದಲೋ ಕ್ಷಮೆಯಿಂದಲೋ ಇತ್ಯರ್ಥವಾಗುವ ಬೆದರಿಕೆ ಒಂದು ಬಗೆಯದು, ಹಾನಿ ಮಾಡುವ ಉದ್ದೇಶ ಉಳಿದೇ ಇರುವ ಬೆದರಿಕೆ ಇನ್ನೊಂದು ಬಗೆಯದು ಎಂದು ಅದು ಬೇರ್ಪಡಿಸುತ್ತದೆ. ಎರಡನೆಯ ಬಗೆಯಲ್ಲಿ ಗುರಿಯಾದವರಿಗೆ ರಕ್ಷಣೆ ಒದಗಿಸುವುದರ ಜೊತೆಗೆ ಬೆದರಿಸಿದವನನ್ನು ಆ ಸ್ಥಿತಿಗೆ ತಂದದ್ದೇನೆಂದು ವಿಚಾರಿಸುವುದೂ ಬೆದರಿಕೆಯನ್ನು ಪರಿಶೀಲಿಸುವ ಶಾಲಾ ತಂಡದ ಕೆಲಸ. 40 ಶಾಲೆಗಳಲ್ಲಿ ನಡೆದ ಪ್ರಯೋಗವೊಂದರಲ್ಲಿ, ಈ ವಿಧಾನ ಅನುಸರಿಸಿದ ಶಾಲೆಗಳ ವಿದ್ಯಾರ್ಥಿಗಳಿಗೆ ಆಪ್ತಸಮಾಲೋಚನೆ ಸಿಗುವ ಮತ್ತು ಪೋಷಕರನ್ನು ಕರೆಸಿ ಮಾತನಾಡುವ ಸಂಭವ ಹೆಚ್ಚಿತ್ತು, ದೀರ್ಘಾವಧಿಯ ಅಮಾನತು ಕಡಿಮೆಯಾಗಿತ್ತು.

ಅದೇ ದಿನ ಮಧ್ಯಾಹ್ನದ ಅವಧಿ ಮಾತ್ರ ನಿರಾಸೆ ತಂದಿತು. ನೋಡುತ್ತ ನಿಂತವರ ಮನಸ್ಸಿನ ಕುರಿತು ಹೇಳುವಾಗ, 1964ರಲ್ಲಿ ನ್ಯೂಯಾರ್ಕಿನಲ್ಲಿ ಯುವತಿಯೊಬ್ಬಳ ಕೊಲೆಯನ್ನು 38 ಮಂದಿ ನೋಡಿಯೂ ಸುಮ್ಮನಿದ್ದರೆಂಬ ಹಳೆಯ ಕಥೆಯನ್ನು ಒಂದಕ್ಷರ ಬದಲಿಸದೆ ಒಪ್ಪಿಸಿದರು. ಆ ವರದಿಯಲ್ಲಿ ಉತ್ಪ್ರೇಕ್ಷೆಯಿತ್ತೆಂದು ಅದನ್ನು ಪ್ರಕಟಿಸಿದ ಪತ್ರಿಕೆಯೇ 2016ರಲ್ಲಿ ಒಪ್ಪಿಕೊಂಡಿದೆ. ಆ ಘಟನೆಯಿಂದ ಪ್ರೇರಿತರಾಗಿ ಮನಶ್ಶಾಸ್ತ್ರಜ್ಞರಾದ ಡಾರ್ಲಿ ಮತ್ತು ಲಟಾನೆ 1968ರಲ್ಲಿ ನಡೆಸಿದ ಪ್ರಯೋಗ ಬೇರೆ ಮಾತು. ಇನ್ನೊಬ್ಬರು ಮೂರ್ಛೆರೋಗದಿಂದ ಒದ್ದಾಡುತ್ತಿರುವ ಸದ್ದು ಕೇಳಿದಾಗ, ಕೇಳಿಸಿಕೊಳ್ಳುತ್ತಿರುವವರು ತಾವೊಬ್ಬರೇ ಎಂದುಕೊಂಡಿದ್ದವರಲ್ಲಿ ಶೇಕಡಾ 85 ಮಂದಿ ನೆರವಿಗೆ ಎದ್ದರು, ಇನ್ನೂ ನಾಲ್ವರು ಕೇಳಿಸಿಕೊಳ್ಳುತ್ತಿದ್ದಾರೆಂದು ನಂಬಿದ್ದವರಲ್ಲಿ ಎದ್ದವರು ಶೇಕಡಾ 31. ಅದಕ್ಕೆ ಪ್ರತಿಯಾಗಿ, ಬೀದಿಯ ಕ್ಯಾಮೆರಾಗಳಲ್ಲಿ ದಾಖಲಾದ ಜಗಳಗಳನ್ನು ಪರಿಶೀಲಿಸಿದ 2019ರ ಅಧ್ಯಯನವೊಂದು, ಹತ್ತರಲ್ಲಿ ಒಂಬತ್ತು ಕಡೆ ಕನಿಷ್ಠ ಒಬ್ಬರಾದರೂ ಮಧ್ಯೆ ಬಂದಿದ್ದಾರೆಂದು ತೋರಿಸಿದೆ. ಇವೆರಡನ್ನೂ ಒಟ್ಟಿಗೆ ಇಟ್ಟು ಚರ್ಚಿಸಿದ್ದರೆ ಆ ಮಧ್ಯಾಹ್ನ ಸಾರ್ಥಕವಾಗುತ್ತಿತ್ತು. ಎಲ್ಲರೂ ಹೇಡಿಗಳೆಂದು ಹೇಳಿ ಮನೆಗೆ ಕಳಿಸುವುದು ತರಬೇತಿಯ ಕೆಲಸವಲ್ಲ.

ಮೂರನೆಯ ದಿನ ಚರ್ಚಿಸಿದ ಪ್ರಕರಣಗಳಲ್ಲಿ ಬಿಡಿಬಿಡಿ ಮಾಹಿತಿ ಇರಬೇಕಾದಷ್ಟೂ ಇತ್ತು, ಅದನ್ನು ಒಟ್ಟುಗೂಡಿಸುವ ಕೈಗಳಿರಲಿಲ್ಲ. ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ 2007ರ ಏಪ್ರಿಲ್ 16ರಂದು 32 ಜನರನ್ನು ಕೊಂದ ವಿದ್ಯಾರ್ಥಿಯ ಬಗ್ಗೆ ಅಧ್ಯಾಪಕರಿಗೆ, ವಸತಿನಿಲಯದವರಿಗೆ, ಕ್ಯಾಂಪಸ್ ಪೊಲೀಸರಿಗೆ, ಆಪ್ತಸಮಾಲೋಚನಾ ಕೇಂದ್ರಕ್ಕೆ ಒಂದೊಂದು ಚೂರು ತಿಳಿದಿತ್ತು. ಹೊರರೋಗಿಯಾಗಿ ಚಿಕಿತ್ಸೆ ಪಡೆಯಬೇಕೆಂದು 2005ರ ಡಿಸೆಂಬರಿನಲ್ಲೇ ಆದೇಶವಾಗಿದ್ದರೂ ಅದು ಪಾಲನೆಯಾಯಿತೇ ಎಂದು ನೋಡಿದವರಿಲ್ಲ. ಖಾಸಗಿತನದ ಕಾನೂನುಗಳು ಅವಕಾಶ ಕೊಟ್ಟಿದ್ದ ಕಡೆಯಲ್ಲೂ, ಅವು ಬಾಯಿ ಕಟ್ಟಿವೆಯೆಂದು ತಪ್ಪಾಗಿ ತಿಳಿದು ಅಧಿಕಾರಿಗಳು ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳಲಿಲ್ಲವೆಂದು ಪರಿಶೀಲನಾ ಸಮಿತಿ ಬರೆಯಿತು. ಫಿನ್‌ಲೆಂಡಿನ ಕೌಹಾಯೋಕಿಯಲ್ಲಿ 2008ರ ಸೆಪ್ಟೆಂಬರ್ 23ರಂದು ಹತ್ತು ಜನರನ್ನು ಕೊಂದವನನ್ನು ಪೊಲೀಸರು ಹಿಂದಿನ ದಿನವಷ್ಟೇ ಕರೆಸಿ ವಿಚಾರಿಸಿ, ಬಂದೂಕನ್ನು ಅವನ ಬಳಿಯೇ ಬಿಟ್ಟಿದ್ದರು. ಅಮೆರಿಕದ ಮಿಷಿಗನ್‌ನ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್ 30ರಂದು ನಾಲ್ವರು ವಿದ್ಯಾರ್ಥಿಗಳನ್ನು ಕೊಂದ ಹುಡುಗನ ಆತಂಕಕಾರಿ ಚಿತ್ರಗಳನ್ನು ಆ ದಿನ ಬೆಳಿಗ್ಗೆಯೇ ಶಿಕ್ಷಕಿ ಕಂಡಿದ್ದರು, ತಂದೆತಾಯಿಯನ್ನು ಶಾಲೆಗೆ ಕರೆಸಿದ್ದರು. ಸಭೆ ಮುಗಿದ ಮೇಲೆ ಹೆತ್ತವರು ಅವನನ್ನು ಮನೆಗೆ ಕರೆದೊಯ್ಯಲಿಲ್ಲ, ಶಾಲೆಯವರು ಅವನ ಚೀಲ ತೆರೆದು ನೋಡಲಿಲ್ಲ. ತಂದೆತಾಯಿ ಇಬ್ಬರೂ 2024ರಲ್ಲಿ ಉದ್ದೇಶವಿಲ್ಲದ ನರಹತ್ಯೆಯ ಅಪರಾಧಿಗಳೆಂದು ತೀರ್ಮಾನವಾಯಿತು.

ಇಲ್ಲಿ ನಮ್ಮಲ್ಲೊಬ್ಬರು, ಹೊಣೆಯನ್ನು ಹೀಗೆ ಎಲ್ಲರಿಗೂ ಹಂಚುತ್ತ ಹೋದರೆ ಕೊಂದವನ ತಲೆಯ ಮೇಲೆ ಏನು ಉಳಿಯುತ್ತದೆಂದು ಕೇಳಿದರು. ಬಂದೂಕು ಎತ್ತಿದವನ ಅಪರಾಧದಲ್ಲಿ ಇತರರ ಪಾಲು ಸೇರಿಸಿದರೆ ಅವನದೇನೂ ಕಡಿಮೆಯಾಗುವುದಿಲ್ಲ ಎಂದು ತರಬೇತುದಾರರು ಕೊಟ್ಟ ಉತ್ತರ ನನಗೆ ಸರಿಯೆನಿಸಿತು. ಆಕ್ಸ್‌ಫರ್ಡ್ ಹೈಸ್ಕೂಲಿನ ಆ ಹುಡುಗನಿಗೂ ಪೆರೋಲ್ ಇಲ್ಲದ ಜೀವಾವಧಿ ಶಿಕ್ಷೆಯಾಗಿದೆ.

ಇನ್ನು ವರದಿ ವ್ಯವಸ್ಥೆ. ತರಬೇತಿ ಮುಗಿದ ನಾಲ್ಕು ತಿಂಗಳಿಗೆ, ಗುತ್ತಿಗೆಯ ಮೇಲೆ ನಮ್ಮಲ್ಲಿ ಕೆಲಸಕ್ಕೆ ಬಂದಿದ್ದ, ಎಲ್ಲರಿಂದ ದೂರವೇ ಉಳಿದಿದ್ದ ಒಬ್ಬಾತ ಮೇಲ್ವಿಚಾರಕರೊಡನೆ ಜಗಳವಾಡಿ, ‘ನಿಮಗೆಲ್ಲ ಒಂದು ದಿನ ಗೊತ್ತಾಗುತ್ತದೆ’ ಎಂದು ಹೇಳಿ ಹೋದದ್ದನ್ನು ಕೇಳಿ ನಾನು ವರದಿ ಸಲ್ಲಿಸಿದೆ. ನಮೂನೆ ತುಂಬುವಾಗಲೇ ಕಸಿವಿಸಿಯಾಯಿತು. ಅವನು ಏನು ಮಾಡಿದ, ಏನು ಹೇಳಿದ, ಎಷ್ಟು ಸಲ ಹೇಳಿದ ಎಂದೆಲ್ಲ ಕೇಳುವ ಆ ನಮೂನೆಯಲ್ಲಿ ಅವನಿಗೆ ಏನಾಗಿದೆ ಎಂದು ಕೇಳುವ ಒಂದು ಸಾಲೂ ಇರಲಿಲ್ಲ. ಗುರುತು ಹಾಕಬೇಕಾದ ಲಕ್ಷಣಗಳ ಪಟ್ಟಿಯ ಮೊದಲಿಗೇ ‘ಒಂಟಿ ಸ್ವಭಾವ’, ‘ಹೊರಗಿನವರು’ ಎಂದಿತ್ತು. ಮೊದಲ ದಿನ ಇಡೀ ಬೆಳಗ್ಗೆ ಯಾವ ಭ್ರಮೆಯನ್ನು ನಮ್ಮ ತಲೆಯಿಂದ ತೆಗೆದುಹಾಕಲು ಶ್ರಮಪಟ್ಟರೋ ಅದನ್ನೇ ಮುದ್ರಿಸಿ ಕೊಟ್ಟಿದ್ದರು. ಬಹುಶಃ ನಮೂನೆ ಸಿದ್ಧಪಡಿಸಿದವರು ತರಬೇತಿಗೆ ಹಾಜರಾಗಿರಲಿಲ್ಲ.

ನನಗೊಂದು ನೋಂದಣಿ ಸಂಖ್ಯೆ ಬಂತು, ಆಮೇಲೆ ಏನೂ ಬರಲಿಲ್ಲ. ಒಂಬತ್ತು ದಿನ ಕಾದು ವಿಚಾರಿಸಿದರೆ, ಗೌಪ್ಯತೆಯ ಕಾರಣ ಹೇಳಲಾಗದೆಂಬ ಉತ್ತರ ಸಿಕ್ಕಿತು. ಆತನ ಮಾಹಿತಿಯೆಲ್ಲ ನನಗೆ ಬೇಕೆಂದಲ್ಲ, ಯಾರಾದರೂ ಆತನೊಡನೆ ಮಾತನಾಡಿದ್ದಾರೆಯೇ ಎಂದಷ್ಟೇ ಕೇಳಿದ್ದೆ. ಮಾತನಾಡಿದ್ದವರು ವ್ಯವಸ್ಥೆಯವರಲ್ಲ, ಉಗ್ರಾಣದ ಹಿರಿಯ ನೌಕರರೊಬ್ಬರು ಎಂಬುದು ಆಮೇಲೆ ತಿಳಿಯಿತು. ಎರಡು ತಿಂಗಳಿನಿಂದ ಆತನ ಸಂಬಳ ಬಂದಿರಲಿಲ್ಲ. ಇದು ಲೆಕ್ಕಪತ್ರ ವಿಭಾಗಕ್ಕೆ ಗೊತ್ತಿತ್ತು. ಆತ ಕೊಠಡಿ ಖಾಲಿ ಮಾಡಬೇಕಾಗಿ ಬಂದದ್ದು ಕಾವಲುಗಾರರಿಗೆ ಗೊತ್ತಿತ್ತು. ಬೆದರಿಕೆಯ ಮಾತು ನನಗೆ ಗೊತ್ತಿತ್ತು. ಮೂವರೂ ಒಂದೇ ಕಟ್ಟಡದಲ್ಲಿದ್ದೆವು, ಮೂರು ದಿನ ಒಟ್ಟಿಗೆ ಕುಳಿತು ವರ್ಜೀನಿಯಾ ಟೆಕ್‌ನವರ ತಪ್ಪುಗಳನ್ನು ಪಟ್ಟಿ ಮಾಡಿದವರೂ ನಾವೇ. ಹಿರಿಯರು ಲೆಕ್ಕಪತ್ರದವರ ಎದುರು ಅರ್ಧ ದಿನ ಕೂತೇ ಸಂಬಳ ಬಿಡುಗಡೆ ಮಾಡಿಸಿದರು. ಆತ ಈಗಲೂ ನಮ್ಮಲ್ಲೇ ಇದ್ದಾನೆ. ನನ್ನ ವರದಿ ಇಂದಿಗೂ ‘ಸಲ್ಲಿಕೆಯಾಗಿದೆ’ ಎಂಬ ಸ್ಥಿತಿಯಲ್ಲೇ ಇದೆ.

ಕೈಪಿಡಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಓದಲು ಸುಲಭವಾಗಿದೆ. ಅದರ ಕೊನೆಯ ಪುಟದ ನಕ್ಷೆಯಲ್ಲಿ ಬಾಣಗಳೆಲ್ಲ ‘ವರದಿ ಮಾಡಿ’ ಎಂಬ ಚೌಕಕ್ಕೆ ಬಂದು ನಿಲ್ಲುತ್ತವೆ, ಆ ಚೌಕದಿಂದ ಹೊರಡುವ ಬಾಣವೊಂದೂ ಇಲ್ಲ. ಹೆಸರು ಹೇಳದೆ ಮಾಹಿತಿ ಕೊಡುವ ಸೌಲಭ್ಯವೇ ಬೇಡವೆಂದು ನಾನು ಹೇಳುವುದಿಲ್ಲ, ಭಯಪಡುವವರಿಗೆ ಅದು ಬೇಕು. ಆದರೆ ವರದಿ ಬಂದ ಮೇಲೆ ಯಾರು, ಎಷ್ಟು ದಿನಗಳೊಳಗೆ, ಆ ವ್ಯಕ್ತಿಯ ಎದುರು ಹೋಗಿ ಕೂರಬೇಕೆಂಬುದು ನಿಗದಿಯಾಗಿರದಿದ್ದರೆ, ಎಲ್ಲರೂ ಒಂದು ಗುಂಡಿ ಒತ್ತಿ ಕೈತೊಳೆದುಕೊಳ್ಳಲು ಆ ಸೌಲಭ್ಯವೇ ದಾರಿಯಾಗುತ್ತದೆ.

ತರಬೇತಿಯನ್ನು ಯಾವ ಶಾಲೆ, ಕಾಲೇಜು, ಕಚೇರಿಯಾದರೂ ಧೈರ್ಯವಾಗಿ ಪಡೆಯಬಹುದು. ಅಧ್ಯಾಪಕರಷ್ಟೇ ಅಲ್ಲದೆ ಲೆಕ್ಕಪತ್ರ, ಉಗ್ರಾಣ ಮತ್ತು ಕಾವಲಿನ ಸಿಬ್ಬಂದಿಯನ್ನೂ ಅದೇ ಕೊಠಡಿಯಲ್ಲಿ ಕೂರಿಸಬೇಕು. ವರದಿ ವ್ಯವಸ್ಥೆಯನ್ನು ಈಗಿರುವ ರೂಪದಲ್ಲಿ ಕೊಳ್ಳುವ ಮೊದಲು ವರದಿಯ ಮುಂದಿನ ಹೆಜ್ಜೆಗಳನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳಿತು. ನಮೂನೆಯನ್ನು ಬದಲಿಸುವಂತೆ ನಾನು ಸೇವಾದಾರರಿಗೆ ಪತ್ರ ಬರೆದಿದ್ದೇನೆ, ಪರಿಶೀಲಿಸುತ್ತೇವೆಂದು ಉತ್ತರಿಸಿದ್ದಾರೆ. ಸದ್ಯಕ್ಕೆ ನಮ್ಮ ಕಚೇರಿಯಲ್ಲಿ ಮುದ್ರಿತ ಪ್ರತಿಗಳ ಕೆಳಗೆ ‘ಇವರಿಗೆ ಏನಾಗಿದೆ?’, ‘ಇವರೊಡನೆ ಯಾರು ಮಾತನಾಡುತ್ತಾರೆ?’ ಎಂಬ ಎರಡು ಸಾಲುಗಳನ್ನು ಪೆನ್ನಿನಿಂದ ಬರೆದು ಇಟ್ಟಿದ್ದೇವೆ.